ಮಗುವಿನ ಸಾವು ಮೊದಲೋ, ಕಾದಂಬರಿ ಮೊದಲೋ?

ಪ್ರಶ್ನೆ: ‘ಫ್ರಾಂಕನ್‌ಸ್ಟೈನ್’ನಲ್ಲಿ ಪುಟ್ಟ ಹುಡುಗ ವಿಲಿಯಂನ ಕೊಲೆಯಾಗುತ್ತದೆ. ಲೇಖಕಿ ಮೇರಿ ಶೆಲ್ಲಿಯ ಮಗ ವಿಲಿಯಂ ಕೂಡ ಎಳವೆಯಲ್ಲೇ ತೀರಿಕೊಂಡ. ಆ ದುಃಖವೇ ಕಥೆಯಾಯಿತು ಎಂದು ಪ್ರಬಂಧದಲ್ಲಿ ಬರೆಯಬಹುದೆ?

ಸಂಪಾದಕರ ಉತ್ತರ: ಬೇಡಿ. ಕಾದಂಬರಿ ಅಚ್ಚಾದದ್ದು 1818ರ ಜನವರಿಯಲ್ಲಿ. ಮಗ ರೋಮಿನಲ್ಲಿ ತೀರಿಕೊಂಡದ್ದು 1819ರ ಜೂನ್‌ನಲ್ಲಿ. ಆಕೆ ಆ ಕೊಲೆ ಬರೆಯುವಾಗ ಮಗು ಮನೆಯಲ್ಲೇ ಆಡಿಕೊಂಡಿತ್ತು. (ಆದರೂ ಅದೇ ಹೆಸರನ್ನು ಏಕೆ ಇಟ್ಟಳೋ! ಆಕೆಯ ತಂದೆಯ ಹೆಸರೂ ಅದೇ.)

ಲೇಖಕರ ಬದುಕನ್ನು ಕೃತಿಗೆ ಹೊಂದಿಸುವ ಮೊದಲು ಎರಡರ ತಾರೀಖುಗಳನ್ನೂ ಅಕ್ಕಪಕ್ಕ ಬರೆದುಕೊಳ್ಳಿ. ಬರವಣಿಗೆ ಶುರುವಾದದ್ದು 1816ರ ಜೂನ್‌ನಲ್ಲಿ, ಮುಗಿದದ್ದು 1817ರ ಮೇನಲ್ಲಿ. ಅದಕ್ಕೂ ಹಿಂದೆ ಏನಿತ್ತು? ಮೇರಿ ಹುಟ್ಟಿದ ಹನ್ನೊಂದು ದಿನಕ್ಕೆ, 1797ರಲ್ಲಿ, ತಾಯಿ ಬಾಣಂತಿ ನಂಜಿನಿಂದ ತೀರಿಹೋದಳು. 1815ರ ಫೆಬ್ರವರಿಯಲ್ಲಿ ದಿನ ತುಂಬದೆ ಹುಟ್ಟಿದ ಮೊದಲ ಮಗು ಎರಡು ವಾರವೂ ಬದುಕಲಿಲ್ಲ. ಮಾರ್ಚ್ 19ರ ದಿನಚರಿಯಲ್ಲಿ ಒಂದು ಕನಸು ದಾಖಲಾಗಿದೆ: ಮಗು ಸತ್ತಿರಲಿಲ್ಲ, ಬರೀ ತಣ್ಣಗಾಗಿತ್ತು, ಬೆಂಕಿಯ ಮುಂದೆ ತಿಕ್ಕಿದಾಗ ಉಸಿರಾಡಿತು. ಸತ್ತ ದೇಹಕ್ಕೆ ಜೀವ ತುಂಬುವ ಕಥೆ ಹುಟ್ಟಿದ್ದು ಮರುವರ್ಷ. ನಿಮ್ಮ ಪ್ರಬಂಧಕ್ಕೆ ಆಧಾರ ಬೇಕಿದ್ದರೆ ಇದನ್ನು ಹಿಡಿಯಿರಿ.

1815ರಲ್ಲಿ ಸಿಡಿದ ಟ್ಯಾಂಬೋರಾ ಜ್ವಾಲಾಮುಖಿಯಿಂದ ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಕೆಟ್ಟಿತು. ಜಿನೀವಾ ಸರೋವರದ ದಂಡೆಯಲ್ಲಿ ಮಳೆಗೆ ಒಳಗೇ ಕೂತ ಮೇರಿ ಮತ್ತು ಗೆಳೆಯರು ದೆವ್ವದ ಕಥೆ ಕಟ್ಟಲು ಹೊರಟರು. ಕಾದಂಬರಿ ಹುಟ್ಟಿದ್ದು ಹೇಗೆಂದರೆ ಇದನ್ನೇ ಎಲ್ಲರೂ ಹೇಳುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದು ನೆಪ ಮಾತ್ರ. ತಿರುಳು ಬಂದದ್ದು ತಂದೆ ವಿಲಿಯಂ ಗಾಡ್ವಿನ್‌ನಿಂದ. ಮನುಷ್ಯನ ಗುಣವನ್ನು ರೂಪಿಸುವುದು ಸನ್ನಿವೇಶ ಎಂದು ಆತ 1793ರಲ್ಲೇ ವಾದಿಸಿದ್ದ. ತಾನು ಒಳ್ಳೆಯವನಾಗಿದ್ದೆ, ಸಂಕಟವೇ ತನ್ನನ್ನು ರಾಕ್ಷಸನಾಗಿಸಿತು ಎಂದು, ಸತ್ತ ದೇಹಕ್ಕೆ ಜೀವ ತುಂಬಿ ಸೃಷ್ಟಿಸಿದ ಕಾದಂಬರಿಯ ಜೀವಿ ಹೇಳುವುದೂ ಅದನ್ನೇ. ಮೊದಲ ಆವೃತ್ತಿಯ ಅರ್ಪಣೆಯೂ ಆತನಿಗೇ.

ನಿಮ್ಮ ಕೈಯಲ್ಲಿರುವ ಆವೃತ್ತಿ ಯಾವುದೆಂದೂ ನೋಡಿ. ನಾಯಕ ವಿಕ್ಟರ್ ಮದುವೆಯಾಗುವ ಎಲಿಜಬೆತ್ ಆತನ ಸೋದರತ್ತೆಯ ಮಗಳಾಗಿದ್ದರೆ ಅದು 1818ರ ಪಾಠ (ನಮ್ಮಲ್ಲಿ ಆ ಸಂಬಂಧಕ್ಕೆ ಯಾರೂ ಹುಬ್ಬೇರಿಸುವುದಿಲ್ಲ). ಬಡ ರೈತರ ಮನೆಯಿಂದ ತಂದು ಸಾಕಿದ ಅನಾಥೆಯಾಗಿದ್ದರೆ ಮೇರಿಯೇ ತಿದ್ದಿದ 1831ರದು. ಅಷ್ಟರಲ್ಲಿ ಮೇರಿ ಮಗಳು ಕ್ಲಾರಾಳನ್ನೂ ವಿಲಿಯಂನನ್ನೂ ಕಳೆದುಕೊಂಡಿದ್ದಳು. 1822ರಲ್ಲಿ ಗಂಡ ಸಮುದ್ರದಲ್ಲಿ ಮುಳುಗಿದ್ದ. ತಿದ್ದಿದ ಪಾಠದಲ್ಲಿ ವಿಧಿಯ ಮಾತು ಹೆಚ್ಚಿದೆ. ಮಗನ ಸಾವಿನ ನೆರಳನ್ನು ಹುಡುಕುವುದಾದರೆ ಅಲ್ಲಿ ಹುಡುಕಿ.

ವಿದ್ಯುತ್ತಿನ ವಿಷಯದಲ್ಲೂ ಎಚ್ಚರ ಬೇಕು. 1818ರಲ್ಲಿ ವಿಕ್ಟರ್‌ನ ಅಪ್ಪನೇ ಪುಟ್ಟ ವಿದ್ಯುತ್ ಯಂತ್ರ, ಗಾಳಿಪಟ ಮಾಡಿ ತೋರಿಸುತ್ತಾನೆ. 1831ರಲ್ಲಿ ಆ ಜಾಗಕ್ಕೆ ಒಬ್ಬ ವಿಜ್ಞಾನಿ ಬಂದು ಗ್ಯಾಲ್ವನಿಸಂ (ವಿದ್ಯುತ್ತಿನಿಂದ ಸತ್ತ ಪ್ರಾಣಿಯ ಸ್ನಾಯುಗಳನ್ನು ಮಿಡಿಸುವ ವಿದ್ಯೆ) ವಿವರಿಸುತ್ತಾನೆ. ಸಿಡಿಲು ಹೊಡೆದು ಹೆಣ ಎದ್ದು ಕೂರುವ ದೃಶ್ಯ ಎರಡರಲ್ಲೂ ಇಲ್ಲ, ಅದು ಸಿನಿಮಾದವರದು.