ಹನ್ನೆರಡು ಗಂಟೆ ದುಡಿದು ಎಂಟು ಅಂತ ಬರೆಯಬೇಡ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ನನಗೆ ಸಿಟ್ಟು ಬಂತು. ಬರೆದ ಹುಡುಗಿಯ ಮೇಲಲ್ಲ, ಅವಳಿಗೆ ಬುದ್ಧಿ ಹೇಳುತ್ತಿರುವವರ ಮೇಲೆ. ಉಳಿದ ಪತ್ರಗಳು ಮುಂದಿನ ವಾರಕ್ಕೆ ಇರಲಿ, ಇವತ್ತು ಇದೊಂದಕ್ಕೇ ಉತ್ತರ.

ಹುಡುಗಿ ದಾವಣಗೆರೆಯವಳು. ಅಪ್ಪ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಸಿಎ ಓದಿನಲ್ಲಿ ಫೈನಲ್‌ಗಿಂತ ಹಿಂದಿನ ಹಂತವಾದ ಇಂಟರ್ ಮುಗಿಸಿ ಬೆಂಗಳೂರಿನ ದೊಡ್ಡ ಆಡಿಟ್ ಸಂಸ್ಥೆಯ ಟ್ಯಾಕ್ಸ್ ವಿಭಾಗದಲ್ಲಿ ಆರ್ಟಿಕಲ್‌ಶಿಪ್‌ಗೆ, ಅಂದರೆ ಸಿಎ ಆಗಲು ಮಾಡಬೇಕಾದ ಎರಡು ವರ್ಷದ ತರಬೇತಿಗೆ ಸೇರಿದ್ದಾಳೆ. 14 ತಿಂಗಳು ಆಗಿದೆ, ಇನ್ನು 10 ಬಾಕಿ. ಬೆಳಗ್ಗೆ ಒಂಬತ್ತೂವರೆಗೆ ಕೂತರೆ ಏಳುವುದು ರಾತ್ರಿ ಹನ್ನೊಂದಕ್ಕೆ. ಎರಡು ತಿಂಗಳಿಂದ ಮಾಡುತ್ತಿರುವುದು ಒಂದೇ ಕೆಲಸ, ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಕಾಣುವ ಟಿಡಿಎಸ್‌ಗೂ (ಹಣ ಕೊಡುವಾಗಲೇ ಕಡಿದುಕೊಂಡ ತೆರಿಗೆ) ಕ್ಲೈಂಟ್‌ನ ಪುಸ್ತಕಕ್ಕೂ ತಾಳೆ ನೋಡುವುದು, ಟ್ಯಾಕ್ಸ್ ಆಡಿಟ್ ವರದಿಯ 3ಸಿಡಿ ಫಾರಂಗೆ ಬೇಕಾದ ಎಕ್ಸೆಲ್ ಹಾಳೆ ತುಂಬುವುದು. ಏನೂ ಕಲಿಯುತ್ತಿಲ್ಲ ಅನ್ನೋದು ಅವಳ ಸಂಕಟ. ಅಮ್ಮ ಫೋನಿನಲ್ಲಿ ಅಳುತ್ತಾರೆ. ಊರಲ್ಲೇ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿಕೊಡುವ ಸೋದರಮಾವ ಮಾತ್ರ ಒಂದು ದಾರಿ ತೋರಿಸಿದ್ದಾರೆ: 'ನನ್ನ ಪರಿಚಯದ ಆಡಿಟರ್ ಹತ್ತಿರ ಟ್ರಾನ್ಸ್‌ಫರ್ ಮಾಡಿಸಿಕೋ, ಆಫೀಸಿಗೆ ಹೋಗದಿದ್ದರೂ ನಡೆಯುತ್ತೆ, ಮನೇಲಿ ಕೂತು ಫೈನಲ್‌ಗೆ ಓದು.' ಇರಲಾ, ಊರಿಗೆ ಬರಲಾ ಅಂತ ಕೇಳಿದ್ದಾಳೆ.

ತಂಗೀ, ನಿನ್ನ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಪತ್ರದ ಕೊನೆಯಲ್ಲಿ ಸ್ಟೈಪೆಂಡ್ ವಿಷಯ ಹೇಳುತ್ತಾ, ದುಡಿದ ಗಂಟೆ ಬರೆದಿಡುವ ಟೈಮ್‌ಶೀಟಿನ ಬಗ್ಗೆ ಒಂದು ಸಾಲು ಸೇರಿಸಿದ್ದೀಯ. 'ಟೈಮ್‌ಶೀಟಲ್ಲಿ ಮಾತ್ರ ದಿನಕ್ಕೆ 8 ಗಂಟೆ ಅಂತ ಹಾಕ್ತೀವಿ, ಕೆಲಸಕ್ಕೆ ಇಟ್ಟ ಗಂಟೆಗಳ ಬಜೆಟ್ ಮೀರುತ್ತೆ ಅಂತ ಸೀನಿಯರ್ ಹೇಳಿದ್ದಾರೆ, ಎಲ್ಲರೂ ಹಾಗೇ ಮಾಡ್ತಾರೆ.' ಅಷ್ಟು ಹೇಳಿ ಪಿಜಿ ಊಟದ ವಿಷಯಕ್ಕೆ ಹೋಗಿಬಿಟ್ಟಿದ್ದೀಯ. ನಾನು ಅಲ್ಲೇ ನಿಂತೆ.

ನಿಮ್ಮ ತಂಡದಲ್ಲಿ ಐದು ಜನ ಅಂದಿದ್ದೀಯ. ಊಟ, ತಿಂಡಿ ಕಳೆದರೂ ತಲಾ 12 ಗಂಟೆ ದುಡಿಯುತ್ತೀರಿ, 8 ಅಂತ ಬರೆಯುತ್ತೀರಿ. ದಿನಕ್ಕೆ 20 ಗಂಟೆ ಕಾಗದದಲ್ಲಿ ಇಲ್ಲ. ಅಂದರೆ ಎರಡೂವರೆ ಜನರ ಪೂರ್ತಿ ದಿನದ ಕೆಲಸ ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿಹೋಯಿತು. ಮುಂದಿನ ವರ್ಷ ಇದೇ ಕ್ಲೈಂಟ್‌ಗೆ ಎಷ್ಟು ಫೀಸು ಕೇಳಬೇಕು, ಎಷ್ಟು ಜನರನ್ನು ಹಾಕಬೇಕು ಅಂತ ಪಾರ್ಟ್ನರ್ ಕೂತು ಲೆಕ್ಕ ಹಾಕುವಾಗ ಅವರ ಮುಂದೆ ಇರುವುದು ನೀವು ತುಂಬಿದ ಟೈಮ್‌ಶೀಟೇ ಅಲ್ವಾ? ಐದು ಜನ ಎಂಟೆಂಟು ಗಂಟೆಯಲ್ಲಿ ಆರಾಮಾಗಿ ಮುಗಿಸಿದ್ದಾರೆ ಅಂತ ಅದು ಹೇಳುತ್ತೆ. ಮತ್ತೆ ಐದೇ ಜನರನ್ನು ಕೊಡುತ್ತಾರೆ. ನಿನ್ನ ಜಾಗಕ್ಕೆ ಚಿತ್ರದುರ್ಗದಿಂದಲೋ ಹರಿಹರದಿಂದಲೋ ಬರುವ ಇನ್ನೊಬ್ಬ ಹುಡುಗಿ ರಾತ್ರಿ ಹನ್ನೊಂದರ ತನಕ ಕೂರುತ್ತಾಳೆ. ಸಿಎ ಇನ್‌ಸ್ಟಿಟ್ಯೂಟ್ ಆರ್ಟಿಕಲ್ ಹುಡುಗರಿಗೆ ವಾರಕ್ಕೆ 35 ಗಂಟೆ ಅಂತ ಹೇಳಿದೆ. ನಿನ್ನ ಸುಳ್ಳು ಎಂಟು ಗಂಟೆಯೇ ಐದು ದಿನಕ್ಕೆ 40 ಆಗುತ್ತೆ, ನಿಜವಾದ ಲೆಕ್ಕ 60. ಅದನ್ನು ತೋರಿಸುವ ಒಂದೇ ದಾಖಲೆ ನಿನ್ನ ಕೈಯಲ್ಲಿದೆ, ಅದನ್ನು ನೀನೇ ತಿದ್ದುತ್ತಿದ್ದೀಯ.

ಇದು ಬರೀ ದಣಿವಿನ ವಿಷಯವೂ ಅಲ್ಲ. ನೀನು ಕಲಿಯಲು ಹೋಗಿರುವ ಕಸುಬೇ ದಾಖಲೆ ನೋಡಿ ಇದು ನಿಜ ಅಂತ ಸಹಿ ಹಾಕುವುದು. ಆಡಿಟರ್ ಕೊಡುವ ಸರ್ಟಿಫಿಕೇಟಿಗೆ 2019ರಿಂದ 18 ಅಂಕಿ-ಅಕ್ಷರಗಳ ಯುಡಿಐಎನ್, ಅಂದರೆ ಆ ದಾಖಲೆಯದ್ದೇ ಆದ ಗುರುತಿನ ಸಂಖ್ಯೆ ಬೇಕು, ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹಾಕಿ ನೋಡಬಹುದು. ಆ ಸಹಿಗೆ ಅಷ್ಟು ಬೆಲೆ. ಅಂಥ ಜಾಗದಲ್ಲಿ ಇಪ್ಪತ್ತೆರಡನೇ ವಯಸ್ಸಿಗೇ ದಿನಾ ಸಂಜೆ ಸುಳ್ಳು ಅಂಕಿ ತುಂಬಿ ಕೈ ಪಳಗಿದರೆ, ನಾಳೆ ಕ್ಲೈಂಟ್ ಬಂದು 'ಎಲ್ಲರೂ ಹಾಗೇ ಮಾಡ್ತಾರೆ ಮೇಡಂ' ಅಂದಾಗ ಏನು ಹೇಳುತ್ತೀಯ?

ಬೇಸರದ ಬಗ್ಗೆ ನನಗೆ ಅಷ್ಟು ಮರುಕ ಇಲ್ಲ, ಕೋಪ ಮಾಡಿಕೊಳ್ಳಬೇಡ. ಟ್ಯಾಕ್ಸ್ ಆಡಿಟ್ ವರದಿಗೆ ಸೆಪ್ಟೆಂಬರ್ 30 ಗಡುವು. ಕೆಲವು ವರ್ಷ ಮುಂದಕ್ಕೆ ಹೋಗುತ್ತೆ, ಆದರೂ ಎಲ್ಲ ಆಡಿಟ್ ಆಫೀಸಲ್ಲೂ ಈ ತಿಂಗಳು ಹೀಗೇ. ಟಿಡಿಎಸ್ ತಾಳೆ ನೋಡುತ್ತಾ ಯಾವ ಪಾವತಿಗೆ ಕಡಿತ ಆಗಿಲ್ಲ, ಯಾಕಾಗಿಲ್ಲ ಅಂತ ಕೇಳುವವರಿಗೆ ಅದರಲ್ಲೇ ಕಲಿಯೋಕೆ ಬೇಕಾದಷ್ಟಿದೆ. ಅದರಲ್ಲೂ ನಿನ್ನ ಸಮಯ ಚೆನ್ನಾಗಿದೆ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಹಿಂದಿನ ವರ್ಷಗಳ ಲೆಕ್ಕ ಇನ್ನೂ 1961ರ ಕಾಯ್ದೆಯಲ್ಲೇ ನಡೆಯಬೇಕು. ಎರಡನ್ನೂ ಒಟ್ಟಿಗೆ ಕೈಯಲ್ಲಿ ಹಿಡಿದು ಕೆಲಸ ಮಾಡಿದವರು ಮುಂದೆ ಜಾಸ್ತಿ ಜನ ಸಿಗುವುದಿಲ್ಲ. ಸೆಪ್ಟೆಂಬರ್‌ನಲ್ಲಿ, ಅದೂ ಹಸಿದ ಹೊಟ್ಟೆಯಲ್ಲಿ, ಯಾರೂ ಬದುಕಿನ ನಿರ್ಧಾರ ಮಾಡಬಾರದು. ಹಸಿದು ನಿರ್ಧಾರ ಮಾಡಬೇಡಿ ಅಂತ ಈ ಅಂಕಣದಲ್ಲಿ ಮತ್ತೆ ಮತ್ತೆ ಹೇಳುತ್ತೇನೆ, ಇನ್ನೂ ಹೇಳುತ್ತೇನೆ. ರಾತ್ರಿ ಎಂಟಕ್ಕೆ ಎದ್ದು ಹೋಗಿ ಊಟ ಮಾಡಿ ಬಾ.

ಈಗ ನಿಮ್ಮ ಮಾವ. ನಿನ್ನ ಸೀನಿಯರ್ ಮೇಲೆ ನನಗೆ ಅರ್ಧ ಸಿಟ್ಟು. ಅವನೂ ಇಪ್ಪತ್ತಾರು, ಇಪ್ಪತ್ತೇಳರ ಹುಡುಗ ಇರಬೇಕು, ಬಜೆಟ್ ಮೀರಿದರೆ ಅವನನ್ನೇ ಕೇಳುತ್ತಾರೆ. ಮಾವನಿಗೆ ಯಾವ ಒತ್ತಡ ಇತ್ತು? ಹೋಗದೆ ಹಾಜರಿ ಹಾಕಿಸಿಕೊಳ್ಳುವುದು ಅಂದರೆ ಡಮ್ಮಿ ಆರ್ಟಿಕಲ್‌ಶಿಪ್. ಗೊತ್ತಾದರೆ ಆ ಅವಧಿಯನ್ನೇ ಲೆಕ್ಕಕ್ಕೆ ಹಿಡಿಯದೆ ಹೋಗಬಹುದು, ಸಹಿ ಹಾಕಿದ ಆಡಿಟರ್ ಮೇಲೂ ಕ್ರಮ ಆಗಬಹುದು. ಅದೇ ಕ್ಷೇತ್ರದಲ್ಲಿರುವ ಅವರಿಗೆ ಇದು ಗೊತ್ತಿಲ್ಲದೆ ಇರುತ್ತಾ? ಗೊತ್ತಿದ್ದೂ ಅಕ್ಕನ ಮಗಳಿಗೆ ಈ ದಾರಿ ಹೇಳಿದ್ದಾರೆ. ಆಫೀಸಲ್ಲಿ ದುಡಿದದ್ದನ್ನು ಬರೆಯಬೇಡ ಅನ್ನುತ್ತಾರೆ, ಮಾವ ದುಡಿಯದ್ದನ್ನು ಬರೆಸಿಕೋ ಅನ್ನುತ್ತಾರೆ. ಎರಡೂ ಕಡೆ ನಿನ್ನ ಹೆಸರಿನ ಕೆಳಗೆ ಸುಳ್ಳು.

ಓದಲು ಸಮಯ ಇಲ್ಲ ಅನ್ನೋದಕ್ಕೂ ಹೆದರಬೇಡ. 2023ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಎರಡು ವರ್ಷದ ತರಬೇತಿ ಮುಗಿದು ಆರು ತಿಂಗಳು ಆದ ಮೇಲೇ ಫೈನಲ್ ಬರೆಯಬಹುದು. ಆ ಆರು ತಿಂಗಳು ನಿನ್ನದೇ. ಪಿಜೆ ಬಡಾವಣೆಯಲ್ಲೋ ವಿದ್ಯಾನಗರದಲ್ಲೋ ಒಂದು ಲೈಬ್ರರಿ ಹುಡುಕಿಕೊಂಡು, ಅಮ್ಮನ ಕೈ ಊಟ ಮಾಡಿಕೊಂಡು ಓದು. ಅಲ್ಲಿಯವರೆಗೆ ಊರಿಗೆ ಬರುವುದು ಬೇಡ.

ಹಾಗಾದರೆ ಏನು ಮಾಡಬೇಕು? ಒಂದೇ. ಸೋಮವಾರದಿಂದ ಟೈಮ್‌ಶೀಟಿನಲ್ಲಿ ನಿಜವಾದ ಗಂಟೆ ಬರಿ. ಹನ್ನೆರಡು ಅಂದರೆ ಹನ್ನೆರಡು, ಹನ್ನೆರಡೂಕಾಲು ಅಂದರೆ ಹನ್ನೆರಡೂಕಾಲು. ಸೀನಿಯರ್ ಕರೆಯುತ್ತಾನೆ. 'ಮಾಡಿದಷ್ಟು ಬರೆದಿದ್ದೀನಿ ಸರ್' ಅನ್ನು, ವಾದಕ್ಕೆ ಇಳಿಯಬೇಡ. ಕಡಿಮೆ ಮಾಡು ಅಂದರೆ 'ಒಂದು ಮೇಲ್ ಹಾಕಿಬಿಡಿ ಸರ್, ಮಾಡ್ತೀನಿ' ಅನ್ನು. ಆ ಮೇಲ್ ಬರುವುದಿಲ್ಲ. ತೊಂದರೆ ಕೊಟ್ಟರೆ ನಿನ್ನ ಪ್ರಿನ್ಸಿಪಾಲ್, ಅಂದರೆ ನಿನ್ನ ತರಬೇತಿಯ ಹೊಣೆ ಹೊತ್ತ ಪಾರ್ಟ್ನರ್ ಹತ್ತಿರ ಹೋಗು. ನಿನ್ನ ಆರ್ಟಿಕಲ್‌ಶಿಪ್ ನೋಂದಣಿ ಆಗಿರುವುದು ಆ ಪಾರ್ಟ್ನರ್ ಹೆಸರಿನಲ್ಲಿ, ಸೀನಿಯರ್ ಹೆಸರಿನಲ್ಲಲ್ಲ.

ಮಾವನಿಗೆ ನೀನು ಉತ್ತರ ಕೊಡಬೇಡ. ಅಪ್ಪನಿಗೆ ಇದುವರೆಗೆ ಏನೂ ಹೇಳಿಲ್ಲ ಅಂದೆಯಲ್ಲ, ಈ ಭಾನುವಾರ ಫೋನ್ ಮಾಡಿ ಟೈಮ್‌ಶೀಟು, ಮಾವನ ಸಲಹೆ ಎರಡನ್ನೂ ಹೇಳು. ಅಷ್ಟು ವರ್ಷ ಬೇರೆಯವರ ಅಂಗಡಿಯ ಲೆಕ್ಕ ಬರೆದವರು ಅವರು. ಮಾವನ ಹತ್ತಿರ ಮಾತಾಡುವುದು ಅವರಿಗೆ ಬಿಡು.