ಆಸ್ಪತ್ರೆಯೊಳಗೆ ವೈರಸ್ ಹರಡದಂತೆ ತಡೆಯಲು ಸ್ಯಾನಿಟೈಸರ್ ಒಂದೇ ಸಾಕಾ?

ಸಾಲದು. ಅದು ಬೇಕೇ ಬೇಕು, ಆದರೆ ಯಾವ ವೈರಸ್ ಅನ್ನೋದರ ಮೇಲೆ ಉಪಾಯ ಬದಲಾಗುತ್ತದೆ.

ವಾಂತಿ ಭೇದಿ ತರುವ ನೋರೋವೈರಸ್ ತಗೊಳ್ಳಿ. ಫ್ಲೂ ಅಥವಾ ಕೊರೋನಾ ವೈರಸ್‌ಗೆ ಹೊರಗಡೆ ಒಂದು ಕೊಬ್ಬಿನ ಪದರ ಇರುತ್ತದೆ, ಸ್ಯಾನಿಟೈಸರ್‌ನಲ್ಲಿರುವ ಆಲ್ಕೋಹಾಲ್ ಅದನ್ನು ಒಡೆದುಹಾಕುತ್ತದೆ. ನೋರೋಗೆ ಆ ಪದರವೇ ಇಲ್ಲ, ಅದಕ್ಕೇ ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ಕೆಲಸ ಮಾಡಲ್ಲ. ಹಾಗಾಗಿ ಸೋಪು ಹಚ್ಚಿ 20 ಸೆಕೆಂಡಾದರೂ ಉಜ್ಜಿ, ಹರಿಯುವ ನೀರಲ್ಲಿ ತೊಳೆಯಬೇಕು. ಮಂಚದ ಕಂಬಿ, ಬಾಗಿಲ ಹಿಡಿ, ನಲ್ಲಿ, ಟಾಯ್ಲೆಟ್ ಎಲ್ಲವನ್ನೂ ಬ್ಲೀಚ್ ನೀರಿನಿಂದ ಒರೆಸಬೇಕು, ಯಾಕಂದರೆ ಈ ವೈರಸ್ ಅಲ್ಲೇ ದಿನಗಟ್ಟಲೆ ಉಳಿಯಬಲ್ಲದು.

ದಡಾರದ ಕಥೆಯೇ ಬೇರೆ. ರೋಗಿ ಎದ್ದು ಹೋದ ಮೇಲೂ 2 ಗಂಟೆಯವರೆಗೆ ವೈರಸ್ ಆ ಕೋಣೆಯ ಗಾಳಿಯಲ್ಲಿ ಇರಬಹುದು, ಕೈ ಎಷ್ಟು ತೊಳೆದರೂ ಉಸಿರಾಡುವ ಗಾಳಿಯನ್ನು ತೊಳೆಯೋಕಾಗಲ್ಲ ಅಲ್ವಾ? ಅದಕ್ಕೇ ಪ್ರತ್ಯೇಕ ಕೋಣೆ ಬೇಕು. ಅಲ್ಲಿ ಗಾಳಿ ಕಾರಿಡಾರಿನಿಂದ ಒಳಕ್ಕೆ ಹೋಗಬೇಕು, ಕಾರಿಡಾರಿಗೆ ವಾಪಸ್ ಬರಬಾರದು. ಒಳಗೆ ಹೋಗುವ ಸಿಬ್ಬಂದಿಗೆ ಲಸಿಕೆ ಆಗಿರಬೇಕು, ಎನ್95 ಮಾಸ್ಕೂ ಬೇಕು. ದದ್ದು ಕಾಣುವ 4 ದಿನ ಮೊದಲೇ ಇದು ಹರಡಲು ಶುರುವಾಗುತ್ತದೆ, ಹಾಗಾಗಿ ಜ್ವರ, ಕೆಮ್ಮು ಇದ್ದವರಿಗೆ ಬಾಗಿಲಲ್ಲೇ ಮಾಸ್ಕ್ ಕೊಟ್ಟು ಬೇರೆ ಕೂರಿಸುವುದು ತುಂಬಾ ಮುಖ್ಯ.

ನನ್ನ ಪ್ರಕಾರ ಜಾಸ್ತಿ ಕಡೆಗಣಿಸುವ ವಿಷಯ ಅಂದರೆ ಹುಷಾರಿಲ್ಲದಿದ್ದರೂ ಡ್ಯೂಟಿಗೆ ಬರುವ ಸಿಬ್ಬಂದಿ. ಅವರನ್ನು ಸುಮ್ನೆ ಬೈಯಬೇಡಿ, ರಜೆ ಹಾಕಿದರೆ ಸಂಬಳ ಕಟ್ ಆಗುತ್ತೆ ಅಂದರೆ ಯಾರು ತಾನೇ ಮನೆಯಲ್ಲಿ ಇರುತ್ತಾರೆ? ನೋರೋ ಬಂದವರು ವಾಂತಿ ಭೇದಿ ನಿಂತ ಮೇಲೂ ಕನಿಷ್ಠ 48 ಗಂಟೆ ಕೆಲಸಕ್ಕೆ ಬರಬಾರದು, ಆ ರಜೆಗೆ ಸಂಬಳ ಕೊಡಲೇಬೇಕು.