ಓದುಗರ ಪ್ರಶ್ನೆ: ಡೀಸೆಲ್ ಹಿಡಿದ ಮಣ್ಣು, ಎರಡು ರಿಪೋರ್ಟು

ಪ್ರಶ್ನೆ: ಬಂಕ್ ಒಂದರಲ್ಲಿ ನೆಲದಡಿಯ ಟ್ಯಾಂಕ್ ಸೋರಿ ಡೀಸೆಲ್ ಹಿಡಿದ ಮಣ್ಣನ್ನು ಅಗೆದು, ಸೂಕ್ಷ್ಮಾಣುಗಳು ಡೀಸೆಲ್ ತಿನ್ನಲಿ ಎಂದು ಸಗಣಿ ಗೊಬ್ಬರ, ಭತ್ತದ ಹೊಟ್ಟು, ಯೂರಿಯಾ ಬೆರೆಸಿ ರಾಶಿ ಹಾಕಿದ್ದೇವೆ. ಆರಂಭದಲ್ಲಿ ಟಿಪಿಎಚ್ (ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್) ಕೆ.ಜಿ.ಗೆ 9,000 ಮಿ.ಗ್ರಾಂ ಇತ್ತು. ಈಗ ಒಂದು ಲ್ಯಾಬ್ 6,800 ಅಂತಿದೆ, ಇನ್ನೊಂದು 10,400. ಯಾವುದನ್ನು ನಂಬೋದು?
– ಸೈಟ್ ಸೂಪರ್‌ವೈಸರ್, ಹುಬ್ಬಳ್ಳಿ

ಉತ್ತರ: ಎರಡೂ ಲ್ಯಾಬ್‌ಗಳು ತಮ್ಮ ಕೆಲಸ ಸರಿಯಾಗಿಯೇ ಮಾಡಿರಬಹುದು. ಮೊದಲು ರಿಪೋರ್ಟಿನಲ್ಲಿ ‘ಒಣ ತೂಕ’ ಎಂದಿದೆಯೇ ನೋಡಿ. ರಾಶಿಯಲ್ಲಿ ಶೇ. 25 ತೇವ ಇದ್ದು ಹಸಿ ತೂಕದ ಮೇಲೆ 6,800 ಬಂದಿದ್ದರೆ, ಒಣ ಲೆಕ್ಕದಲ್ಲಿ ಅದು ಸುಮಾರು 9,070. ಅಂದರೆ ಏನೂ ಇಳಿದಿಲ್ಲ.

ಇನ್ನೊಂದು ಲ್ಯಾಬಿಗೆ ಕೇಳಬೇಕಾದದ್ದು ಬೇರೆ: ದ್ರಾವಕದಿಂದ ಮಣ್ಣಿನ ಎಣ್ಣೆಯ ಸಾರ ತೆಗೆದ ಮೇಲೆ ಅದನ್ನು ಸಿಲಿಕಾ ಜೆಲ್‌ನಲ್ಲಿ ಹಾಯಿಸಿದ್ದೀರಾ? ಸಗಣಿ, ಹೊಟ್ಟಿನ ಕೊಬ್ಬು ಮತ್ತು ಕೊಳೆತ ಸಾವಯವ ಪದಾರ್ಥವೂ ದ್ರಾವಕದಲ್ಲಿ ಕರಗಿ ಬರುತ್ತದೆ. ಜೆಲ್ ಅದನ್ನು ಹಿಡಿದಿಟ್ಟುಕೊಳ್ಳದಿದ್ದರೆ ಯಂತ್ರ ಅದನ್ನೂ ಎಣ್ಣೆಯೆಂದೇ ಎಣಿಸುತ್ತದೆ. ಗೊಬ್ಬರ ಹಾಕಿದ ಮೇಲೆ ಟಿಪಿಎಚ್ ಏರಿದ ರಿಪೋರ್ಟುಗಳ ಹಿಂದೆ ಬಹಳ ಸಲ ಇದೇ ಇರುತ್ತದೆ.

ಉಲ್ಟಾ ಮೋಸವೂ ಇದೆ. 100 ಟನ್ ಮಣ್ಣಿಗೆ 20 ಟನ್ ಹೊಟ್ಟು, ಗೊಬ್ಬರ ಬೆರೆಸಿದರೆ ಒಂದು ಹನಿ ಡೀಸೆಲ್ ಕಡಿಮೆಯಾಗದಿದ್ದರೂ 9,000 ಇದ್ದದ್ದು 7,500 ಆಗುತ್ತದೆ. ಹಾಗಾಗಿ ಆರಂಭದ ಸ್ಯಾಂಪಲ್ಲನ್ನು ಬೆರೆಸಿದ ನಂತರವೇ ತೆಗೆಯಬೇಕು. ಆಗ ತೆಗೆದಿಲ್ಲವಾದರೆ ಲ್ಯಾಬಿನಿಂದ ಕ್ರೊಮ್ಯಾಟೊಗ್ರಾಮ್ (ಎಣ್ಣೆಯ ಘಟಕಗಳನ್ನು ಬಿಡಿಬಿಡಿಯಾಗಿ ತೋರಿಸುವ ಗ್ರಾಫ್) ತರಿಸಿ, ಡೀಸೆಲ್‌ನಲ್ಲಿರುವ ಸಿ-17 ಮತ್ತು ಪ್ರಿಸ್ಟೇನ್ ಎಂಬ ಎರಡು ಹೈಡ್ರೋಕಾರ್ಬನ್‌ಗಳ ಅನುಪಾತ ಕೇಳಿ. ಗ್ರಾಫಿನಲ್ಲಿ ಎರಡೂ ಅಕ್ಕಪಕ್ಕ ಬರುತ್ತವೆ. ಸೂಕ್ಷ್ಮಾಣುಗಳು ಸಿ-17 ಅನ್ನು ಬೇಗ ತಿನ್ನುತ್ತವೆ, ಪ್ರಿಸ್ಟೇನ್ ತಂಟೆಗೆ ತಡವಾಗಿ ಹೋಗುತ್ತವೆ. ಹೊಟ್ಟು ಎಷ್ಟೇ ಬೆರೆಸಿದರೂ ಈ ಅನುಪಾತ ಬದಲಾಗದು. ಅದು ಇಳಿದಿದ್ದರೆ ರಾಶಿ ಕೆಲಸ ಮಾಡುತ್ತಿದೆ ಎಂದರ್ಥ.

ಮುಂದಿನ ಸ್ಯಾಂಪಲ್ ತೆಗೆಯುವಾಗ ಮೇಲಿನ 15 ಸೆಂ.ಮೀ. ಮಣ್ಣು ಸರಿಸಿ, ಆಗರ್‌ನಿಂದ (ಮಣ್ಣು ಕೊರೆಯುವ ಸಲಕರಣೆ) ಒಳಗಿನದನ್ನು ತೆಗೆಯಿರಿ. ಟೆಫ್ಲಾನ್ ಒಳಪದರದ ಮುಚ್ಚಳವಿರುವ ಗಾಜಿನ ಜಾರನ್ನು ಬಾಯಿವರೆಗೂ ತುಂಬಿ, ಐಸ್ ಪೆಟ್ಟಿಗೆಯಲ್ಲಿ ಸುಮಾರು 4 ಡಿಗ್ರಿಯಲ್ಲಿಟ್ಟು ಕಳಿಸಿ. 14 ದಿನದೊಳಗೆ ಲ್ಯಾಬಿನಲ್ಲಿ ಸಾರ ತೆಗೆಯುವುದು ಮುಗಿದಿರಬೇಕು. ಪಾಲಿಥೀನ್ ಕವರ್ ಬೇಡ, ಆವಿ ಅದರೊಳಗಿಂದಲೇ ಹೊರಟುಹೋಗುತ್ತದೆ. ಡೀಸೆಲ್‌ಗಾದರೆ ನಾಲ್ಕೈದು ಕಡೆಯ ಮಣ್ಣು ಬೆರೆಸಿ ಒಂದು ಸ್ಯಾಂಪಲ್ ಮಾಡಬಹುದು. ಪೆಟ್ರೋಲ್ ಸೋರಿದ್ದರೆ ಹಾಗೆ ಮಾಡಲೇಬೇಡಿ, ಕಲಸುವಾಗಲೇ ಬೆಂಜೀನ್ ಹಾರಿಹೋಗುತ್ತದೆ. ಅದಕ್ಕೆ ಲ್ಯಾಬ್ ಕೊಡುವ, ತೂಕ ಮಾಡಿಟ್ಟ ಮೆಥನಾಲ್ ಸೀಸೆಗೆ ಸುಮಾರು 5 ಗ್ರಾಂ ಮಣ್ಣನ್ನು ಸ್ಥಳದಲ್ಲೇ ಹಾಕಿ ಮುಚ್ಚಬೇಕು.

ಯೂರಿಯಾ ಎಷ್ಟು ಹಾಕಿದ್ದೀರೋ ಬರೆದಿಲ್ಲ. ಟನ್ ಮಣ್ಣಿಗೆ 9 ಕೆ.ಜಿ. ಎಣ್ಣೆ, ಅದರಲ್ಲಿ ಇಂಗಾಲ ಸುಮಾರು 7.7 ಕೆ.ಜಿ.; ಇಂಗಾಲ 100ಕ್ಕೆ 10ರಂತೆ ಸಾರಜನಕ ಕೊಡಲು ಟನ್ನಿಗೆ ಒಂದೂಮುಕ್ಕಾಲು ಕೆ.ಜಿ.ಯೊಳಗೆ ಯೂರಿಯಾ ಸಾಕು. ಅದನ್ನೂ ಎರಡು ಕಂತಿನಲ್ಲಿ ಕೊಡಿ. ಹೆಚ್ಚಾದರೆ ಅಮೋನಿಯಾ ಎದ್ದು ಸೂಕ್ಷ್ಮಾಣುಗಳೇ ಸಾಯುತ್ತವೆ.

ಪ್ರಶ್ನೆ: ಪೆಟ್ರೋಲ್ ಟ್ಯಾಂಕ್ ತೆಗೆದ ಗುಂಡಿಗೆ ಇಳಿದ ಹುಡುಗರಿಗೆ ತಲೆನೋವು. ಎನ್95 ಮಾಸ್ಕ್ ಕೊಟ್ಟಿದ್ದೇವೆ. ಆವಿ ಅಳೆಯುವ ಪಿಐಡಿ ಮೀಟರ್ 6 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 6) ಅಷ್ಟೇ ತೋರಿಸುತ್ತಿದೆ.
– ಗುತ್ತಿಗೆದಾರರು, ತುಮಕೂರು

ಉತ್ತರ: ಮೊದಲು ಎಲ್ಲರನ್ನೂ ಮೇಲೆ ಕರೆಸಿ. ಎನ್95 ತಡೆಯುವುದು ದೂಳನ್ನು, ಆವಿಯನ್ನಲ್ಲ. ಆ ‘6 ಅಷ್ಟೇ’ ಕೂಡ ಸಣ್ಣದಲ್ಲ. ಮೀಟರ್ ಹೊಂದಿಸಿರುವುದು ಐಸೊಬ್ಯುಟಿಲೀನ್ ಅನಿಲಕ್ಕೆ. 10.6 ಇವಿ ದೀಪದ ಮೀಟರಿನಲ್ಲಿ ಬೆಂಜೀನ್‌ನ ಗುಣಕ (ಮೀಟರ್ ತೋರಿಸಿದ್ದನ್ನು ಗುಣಿಸಬೇಕಾದ ಸಂಖ್ಯೆ) ಸುಮಾರು 0.5. ಇದ್ದದ್ದೆಲ್ಲ ಬೆಂಜೀನೇ ಆಗಿದ್ದರೆ ಅದು 3 ಪಿಪಿಎಂ. 1948ರ ಕಾರ್ಖಾನೆ ಕಾಯ್ದೆ ಎಂಟು ಗಂಟೆಗೆ ಹಾಕಿದ್ದ ಮಿತಿ 0.5 ಪಿಪಿಎಂ. ಅಷ್ಟೂ ಬೆಂಜೀನ್ ಇರಲಾರದು ನಿಜ, ಆದರೆ ಊಹಿಸಬೇಡಿ. ಬೆಂಜೀನ್‌ಗೆಂದೇ ಇರುವ ಡಿಟೆಕ್ಟರ್ ಟ್ಯೂಬ್‌ನಿಂದ ಅಳೆಯಿರಿ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಇಳಿಯುವ ಮೊದಲು ನಾಲ್ಕು ಅನಿಲಗಳ ಮೀಟರನ್ನು ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ನೋಡಿ. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆಯಿದ್ದರೆ ಅಥವಾ ಆವಿ ಎಲ್‌ಇಎಲ್‌ನ (ಬೆಂಕಿ ಹೊತ್ತಿಕೊಳ್ಳಬಲ್ಲ ಕನಿಷ್ಠ ಮಟ್ಟ) ಶೇ. 10 ಮುಟ್ಟಿದರೆ ಯಾರೂ ಇಳಿಯಕೂಡದು, ಜೆಸಿಬಿಯನ್ನೂ ನಿಲ್ಲಿಸಬೇಕು. ಗುಂಡಿಗೆ ಗಾಳಿ ಊದುವ ಬ್ಲೋವರ್ ಯಂತ್ರಗಳ ಹೊಗೆಕೊಳವೆಯಿಂದ ದೂರ, ಗಾಳಿ ಬರುವ ಕಡೆ ಇರಲಿ.

ಮಾಸ್ಕ್ ಬೇಕಾದದ್ದು ರಬ್ಬರ್ ಅಂಚಿನದು, ಕಂದು ಪಟ್ಟಿಯ ‘ಎ’ ಕಾರ್ಟ್ರಿಜ್ ಜೊತೆ ದೂಳಿನ ಫಿಲ್ಟರ್. ಗಡ್ಡವಿದ್ದರೆ ಅಂಚು ಕೂರುವುದಿಲ್ಲ. ವಾಸನೆ ಬಂದ ಮೇಲೆ ಬದಲಿಸುತ್ತೇನೆ ಅನ್ನಬೇಡಿ, ಪ್ರತಿ ಪಾಳಿಗೂ ಹೊಸದು ಹಾಕಿಸಿ. ಆಮ್ಲಜನಕ ಇಲ್ಲದ ಕಡೆ ಯಾವ ಕಾರ್ಟ್ರಿಜ್ಜೂ ಉಪಯೋಗವಿಲ್ಲ. ಯಾರಾದರೂ ಕುಸಿದರೆ ಹಿಂದೆಯೇ ಇನ್ನೊಬ್ಬ ಜಿಗಿಯುತ್ತಾನೆ, ಇಬ್ಬರೂ ಹೋಗುತ್ತಾರೆ. ಸೊಂಟಕ್ಕಲ್ಲ, ಎದೆಗೆ ಹಾರ್ನೆಸ್ ಕಟ್ಟಿ ಹಗ್ಗದ ತುದಿ ಮೇಲಿನವನ ಕೈಲಿರಲಿ.

ಕೈಗೆ ದಪ್ಪ ನೈಟ್ರೈಲ್ ಗ್ಲೌಸ್. ಎಣ್ಣೆ ಕೈ ತೊಳೆಯಲು ಸೀಮೆಎಣ್ಣೆ ಕೊಡುವ ಚಾಳಿ ನಿಲ್ಲಿಸಿ, ಸೋಪು ನೀರು ಸಾಕು.

ಪ್ರಶ್ನೆ: ಗ್ಯಾರೇಜ್ ಹಿಂದೆ ಹಳೇ ಎಂಜಿನ್ ಆಯಿಲ್ ಸುರಿದ ಜಾಗ. ಆವಿ ಅಳೆಯುವ ಮೀಟರ್ ಸೊನ್ನೆ ತೋರಿಸುತ್ತಿದೆ. ಮಣ್ಣು ಚೆನ್ನಾಗಿದೆಯೇ?
– ಶಿವಮೊಗ್ಗ

ಉತ್ತರ: ಇಲ್ಲ. ಎಂಜಿನ್ ಆಯಿಲ್ ಆವಿಯಾಗುವುದೇ ಇಲ್ಲ, ಮೀಟರ್ ಏನನ್ನು ಹಿಡಿಯಬೇಕು? ಒಂದು ಹಿಡಿ ಮಣ್ಣನ್ನು ಗಾಜಿನ ಸೀಸೆಯಲ್ಲಿ ನೀರಿನೊಂದಿಗೆ ಕುಲುಕಿ. ಮೇಲೆ ಕಾಮನಬಿಲ್ಲಿನ ಪದರ ತೇಲಿದರೆ ಟಿಪಿಎಚ್ ಜೊತೆ ಸೀಸ (ಲೆಡ್) ಮತ್ತು ಪಿಎಎಚ್ (ಹಳೇ ಎಣ್ಣೆಯಲ್ಲಿರುವ ವಿಷಕಾರಿ ಹೈಡ್ರೋಕಾರ್ಬನ್‌ಗಳು) ಪರೀಕ್ಷೆಗೂ ಕಳಿಸಿ. ಅಪಾಯಕಾರಿ ತ್ಯಾಜ್ಯವೆಂದು ಖಚಿತವಾದ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಸಾಗಹಾಕುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ನಮೂನೆ 10ರ ಮ್ಯಾನಿಫೆಸ್ಟ್ (ಸಾಗಣೆ ದಾಖಲೆ) ಜೊತೆ, ಅನುಮತಿ ಪಡೆದ ಘಟಕಕ್ಕೇ ಹೋಗಬೇಕು.